ಕಾರಿಗೆ ಅಂಟಿಸಿದ ಅಕ್ಷರ, ಲಾಂಛನ ಕೀಳುವ ಮುನ್ನ: ಬಣ್ಣ ಉಳಿಸಿಕೊಳ್ಳುವುದು ಹೇಗೆ?

ಕೊಡೈಕಾನಲ್: ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬರುತ್ತದೆ. ಇಂಜಿನ್ ಚೆನ್ನಾಗಿದೆ, ಟೈರು ಪರವಾಗಿಲ್ಲ. ಆದರೆ ಡಿಕ್ಕಿಯ ಮೇಲೆ ಹಳೆಯ ಮಾಲೀಕರ ಟ್ರಾವೆಲ್ಸ್ ಹೆಸರು, ಅದರ ಕೆಳಗೆ ಫೋನ್ ನಂಬರು, ಪಕ್ಕದಲ್ಲಿ ಯಾವುದೋ ಸಂಘದ ಲಾಂಛನ. ತೆಗೆಯೋಣ ಎಂದು ಹೊರಟವರ ಕೈಗೆ ಮೊದಲು ಸಿಗುವುದು ಸ್ಕ್ರೂ ಡ್ರೈವರ್ ಇಲ್ಲವೇ ಅಡುಗೆ ಮನೆಯ ಚಾಕು. ಐದು ನಿಮಿಷದಲ್ಲಿ ಅಕ್ಷರ ಕಿತ್ತು ಬರುತ್ತದೆ. ಜೊತೆಗೆ ಬಣ್ಣವೂ ಬರುತ್ತದೆ!

ಬೆರಳಗಲದ ಜಾಗದಲ್ಲಿ ಬಣ್ಣ ಹೋದರೂ ಅಷ್ಟಕ್ಕೇ ಬಣ್ಣ ಹೊಡೆದರೆ ಮ್ಯಾಚ್ ಆಗುವುದಿಲ್ಲ. ಟಿಂಕರಿಂಗ್ ಶಾಪಿನವರು ಇಡೀ ಡಿಕ್ಕಿ ಬಾಗಿಲಿಗೇ ಪೇಂಟ್ ಮಾಡಬೇಕು ಎನ್ನುತ್ತಾರೆ. ಬಾಡಿಗೆಗೆ ಗಾಡಿ ಓಡಿಸಿ ಸಂಸಾರ ನಡೆಸುವವರಿಗೆ ಇದು ಹಲವು ದಿನಗಳ ದುಡಿಮೆ. ಹಾಗೆಯೇ ಬಿಟ್ಟರೆ ಕೊಡೈಕಾನಲ್ಲಿನ ಮಂಜು, ಮಳೆಯಲ್ಲಿ ಆ ಜಾಗ ತುಕ್ಕು ಹಿಡಿಯುತ್ತದೆ.

ಅಕ್ಷರ ಬಿಡಿಸುವುದು ಬಲದ ಕೆಲಸವಲ್ಲ, ಬಿಸಿಯ ಕೆಲಸ ಎಂಬುದು ನೆನಪಿದ್ದರೆ ಈ ನಷ್ಟ ತಪ್ಪುತ್ತದೆ. ಬೇಕಾದ ಸಾಮಾನುಗಳಲ್ಲಿ ಹೆಚ್ಚಿನವು ಮನೆಯಲ್ಲೇ ಇರುತ್ತವೆ. ಒಂದಂತೂ ಕೊಡೈಕಾನಲ್ ಅಂಗಡಿಗಳಲ್ಲೇ ಸಿಗುತ್ತದೆ.

ಈಗ ಏಕೆ ತೆಗೆಯಬೇಕಾಗಿದೆ?

ಕೊಂಡವರಷ್ಟೇ ಅಲ್ಲ, ಸ್ವಂತ ಗಾಡಿ ಇರುವವರೂ ಇತ್ತೀಚಿನ ವರ್ಷಗಳಲ್ಲಿ ಈ ಕೆಲಸಕ್ಕೆ ಇಳಿದಿದ್ದಾರೆ. ಚೆನ್ನೈ ಸಂಚಾರ ಪೊಲೀಸರು 2024ರ ಮೇ 2ರಿಂದ ಖಾಸಗಿ ವಾಹನಗಳ ಮೇಲಿನ ಅನಧಿಕೃತ ಸ್ಟಿಕ್ಕರ್‌ಗಳ ವಿರುದ್ಧ ಕ್ರಮ ಆರಂಭಿಸಿದರು. ಪೊಲೀಸ್, ಪ್ರೆಸ್, ವಕೀಲರು, ಸೇನೆ ಎಂದು ಬರೆಸಿಕೊಂಡವರು, ಪಕ್ಷದ ಚಿಹ್ನೆ ಅಂಟಿಸಿಕೊಂಡವರು ಹೆಚ್ಚಾಗಿ ಈ ಪಟ್ಟಿಗೆ ಬಂದರು. ನಂಬರ್ ಪ್ಲೇಟಿನ ವಿಷಯದಲ್ಲಿ ನಿಯಮ ಮೊದಲಿನಿಂದಲೂ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದರ ಮೇಲೆ ಹೆಸರು, ಚಿತ್ರ, ಸಂಘದ ಲಾಂಛನ ಇರುವಂತಿಲ್ಲ.

ಕಂಬಂ ಕಣಿವೆಯ ಗಾಡಿಗಳು ಒಂದೇ ರಾಜ್ಯದಲ್ಲಿ ಓಡುವುದಿಲ್ಲ. ಏಲಕ್ಕಿ ತೋಟದ ಕೆಲಸಕ್ಕೆ ಆಳುಗಳನ್ನು ಕರೆದೊಯ್ಯುವ ಜೀಪುಗಳು ಕುಮುಳಿ, ಕಂಬಂಮೆಟ್ಟು, ಬೋಡಿಮೆಟ್ಟು ದಾಟಿ ಕೇರಳಕ್ಕೆ ಹೋಗಿ ಬರುತ್ತವೆ. ಎರಡು ರಾಜ್ಯದ ಚೆಕ್‌ಪೋಸ್ಟ್‌ನಲ್ಲೂ ಉತ್ತರ ಹೇಳಬೇಕಾದವರಿಗೆ ಗಾಡಿ ಮೇಲೆ ಬೇಡದ ಬರಹ ಇಲ್ಲದಿರುವುದೇ ಒಳ್ಳೆಯದು.

ಇವನ್ನು ಮುಟ್ಟಬೇಡಿ

ಅಂಟಿಸಿದ್ದೆಲ್ಲ ಕೀಳುವಂಥದ್ದಲ್ಲ. ಮುಂದಿನ ಗಾಜಿನ ಒಳಗಿರುವ ಫಾಸ್ಟ್ಯಾಗ್ ಒಮ್ಮೆ ಕಿತ್ತರೆ ಮತ್ತೆ ಉಪಯೋಗಕ್ಕೆ ಬಾರದು. ಗಾಡಿ ಕೊಂಡವರು ಮೊದಲು ಹಳೆಯ ಮಾಲೀಕರಿಂದ ಆ ಖಾತೆ ಮುಚ್ಚಿಸಿ, ಆಮೇಲೆ ಅದನ್ನು ತೆಗೆದು ಹೊಸದು ಹಾಕಿಸಬೇಕು. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಜೊತೆ ಗಾಜಿಗೆ ಒಂದು ಹೊಲೋಗ್ರಾಂ ಸ್ಟಿಕ್ಕರ್ ಬಂದಿರುತ್ತದೆ. ಅದು ಮೂರನೇ ನಂಬರ್ ಪ್ಲೇಟ್ ಇದ್ದ ಹಾಗೆ, ತೆಗೆದರೆ ಹರಿದುಹೋಗುವಂತೆಯೇ ಮಾಡಿರುತ್ತಾರೆ. ಚಾಸಿಸ್ ನಂಬರಿನ ಪಟ್ಟಿ, ಬಾಗಿಲ ಚೌಕಟ್ಟಿನಲ್ಲಿ ಟೈರಿನ ಗಾಳಿ ತಿಳಿಸುವ ಚೀಟಿ, ಸಿಎನ್‌ಜಿ ಗಾಡಿಯ ಗುರುತಿನ ಸ್ಟಿಕ್ಕರ್ ಇವೂ ಇರಬೇಕಾದವೇ.

ಹೊಸ ಮಾದರಿಯ ಕೆಲವು ಕಾರುಗಳಲ್ಲಿ ಮುಂದಿನ ಗ್ರಿಲ್ ಮೇಲಿನ ಕಂಪನಿ ಲಾಂಛನದ ಹಿಂದೆ ರೇಡಾರ್ ಇರುತ್ತದೆ. ಎದುರಿನ ಗಾಡಿಯ ದೂರ ಅಳೆಯುವ ಯಂತ್ರ ಅದು. ಅಂಥ ಕಾರಿನಲ್ಲಿ ಮುಂದಿನ ಲಾಂಛನಕ್ಕೆ ಕೈ ಹಾಕಬಾರದು.

ಮಾದರಿಯ ಹೆಸರು ಕಿತ್ತ ಮಾತ್ರಕ್ಕೆ ಆರ್.ಸಿ. ಪುಸ್ತಕದಲ್ಲಿರುವ ಮಾದರಿ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ಕಂಪನಿಯ ಅಕ್ಷರ ಕೀಳುವುದಾದರೆ ಅದನ್ನು ಎಸೆಯದೆ ಎತ್ತಿಡಿ. ನಾಳೆ ಮಾರುವಾಗ ಕೊಳ್ಳುವವರು ಕೇಳಬಹುದು.

ಅಂಟಿಕೊಂಡಿರುವುದು ಯಾವುದಕ್ಕೆ?

ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಇಷ್ಟೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಎರಡು ಕೂದಲು ಒಂದರ ಮೇಲೊಂದು ಇಟ್ಟಷ್ಟು ದಪ್ಪ ಮಾತ್ರ. ಚಾಕುವಿನ ಮೊನೆಗೆ ಇದು ಯಾವ ಲೆಕ್ಕ?

ಅದರ ಮೇಲೆ ಕೂರುವ ಬರಹ, ಲಾಂಛನಗಳಲ್ಲಿ ಮೂರು ಬಗೆ. ತೆಳ್ಳಗಿನ ಪ್ಲಾಸ್ಟಿಕ್ ಸ್ಟಿಕ್ಕರ್ ಮೊದಲನೆಯದು. ಹೊಳೆಯುವ ಪ್ಲಾಸ್ಟಿಕ್ ಅಕ್ಷರ, ಲಾಂಛನ ಎರಡನೆಯದು. ಇವನ್ನು ಕೂರಿಸುವುದು ಸುಮಾರು 1 ಮಿಲಿಮೀಟರ್ ದಪ್ಪದ, ಸ್ಪಂಜಿನಂಥ ಡಬಲ್ ಸೈಡ್ ಟೇಪಿನಿಂದ. ಮೂರನೆಯದು ಹಿಂದೆ ಮೊಳೆಯಂಥ ಕಡ್ಡಿಗಳಿದ್ದು ತಗಡಿನ ತೂತಿನಲ್ಲಿ ಕೂರುವಂಥದ್ದು. ಹಳೆಯ ಅಂಬಾಸಡರ್, ಜೀಪುಗಳಲ್ಲಿ ಲೋಹದ ಅಕ್ಷರಗಳು ಹೀಗಿರುತ್ತಿದ್ದವು. ಇದನ್ನು ತೆಗೆದರೆ ತೂತು ಉಳಿಯುತ್ತದೆ, ನೀರು ಒಳಗೆ ಹೋಗುತ್ತದೆ. ಡಿಕ್ಕಿ ತೆಗೆದು ಒಳಗಿನಿಂದ ಕಡ್ಡಿಯ ತುದಿ ಕಾಣುತ್ತದೆಯೇ ಎಂದು ಮೊದಲು ನೋಡಿ. ಕಂಡರೆ ಅದನ್ನು ಅಲ್ಲಿಗೇ ಬಿಡುವುದು ಮೇಲು.

ಕಂಪನಿ ಪೇಂಟಾ, ರೀಪೇಂಟಾ?

ಇಡೀ ಕೆಲಸದಲ್ಲಿ ಇದೇ ಮುಖ್ಯ ಪ್ರಶ್ನೆ. ಕಂಪನಿಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದ ಒಲೆಯಲ್ಲಿ ಬೇಯಿಸಿರುತ್ತಾರೆ. ಅದು ತಗಡಿಗೆ ಗಟ್ಟಿಯಾಗಿ ಹಿಡಿದಿರುತ್ತದೆ. ಶೆಡ್ಡಿನಲ್ಲಿ ಹೊಡೆದ ಬಣ್ಣಕ್ಕೆ ಆ ಬೇಯುವಿಕೆ ಇಲ್ಲ. ಕೆಳಗಿನ ಪದರವನ್ನು ಸರಿಯಾಗಿ ಉಜ್ಜದೆ ಹೊಡೆದಿದ್ದರಂತೂ ಸ್ಟಿಕ್ಕರ್ ಎಳೆದಾಗ ಬಣ್ಣವೂ ಹಾಳೆಯಂತೆ ಎದ್ದು ಬರುತ್ತದೆ. ಎಷ್ಟು ಜಾಣತನದಿಂದ ಎಳೆದರೂ ಅಷ್ಟೇ.

ಗುರುತಿಸುವುದು ಕಷ್ಟವಲ್ಲ. ಬಾಗಿಲ ರಬ್ಬರ್ ಬೀಡಿಂಗನ್ನು ಸ್ವಲ್ಪ ಸರಿಸಿ ನೋಡಿ. ಅಲ್ಲಿ ಬಣ್ಣದ ಅಂಚು ಗೆರೆಯಂತೆ ನಿಂತಿದ್ದರೆ ಅದು ರೀಪೇಂಟ್. ಒಂದು ಬಾಗಿಲಿನ ಬಣ್ಣ ಬಿಸಿಲಿನಲ್ಲಿ ಪಕ್ಕದ ಬಾಗಿಲಿಗಿಂತ ಬೇರೆಯಾಗಿ ಕಂಡರೂ ಅನುಮಾನಿಸಬೇಕು. ಕಾಣದ ಮೂಲೆಯೊಂದರಲ್ಲಿ ಬಿಳಿ ಬಟ್ಟೆಗೆ ಒಂದು ಹನಿ ಥಿನ್ನರ್ ಹಾಕಿ ಮೆಲ್ಲಗೆ ಒರೆಸಿದರೆ ಇನ್ನೂ ಖಚಿತ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಬೇಯಿಸದ ಬಣ್ಣ. ಹಳೆಯ ಗಾಡಿಗಳ ಲೋಕಲ್ ಪೇಂಟಿಂಗ್ ಎಷ್ಟೋ ಹೀಗೇ ಇರುತ್ತದೆ. ಗೊತ್ತಾಗದಿದ್ದರೆ ಪೇಂಟ್ ಶಾಪಿನಲ್ಲಿ, 'ಅಣ್ಣೇ, ಇದು ಕಂಪನಿ ಪೇಂಟಾ, ರೀಪೇಂಟಾ?' ಎಂದು ಕೇಳಿದರೆ ಸಾಕು. ತೇನಿಯಲ್ಲಾಗಲಿ ಮೈಸೂರಿನಲ್ಲಾಗಲಿ ಈ ಮಾತು ಎಲ್ಲರಿಗೂ ಅರ್ಥವಾಗುತ್ತದೆ.

ಹೊಸದಾಗಿ ಪೇಂಟ್ ಮಾಡಿಸಿ ತಿಂಗಳು ಕಳೆದಿಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ. ಬಣ್ಣ ಒಳಗೆ ಇನ್ನೂ ಪೂರ್ತಿ ಒಣಗಿರುವುದಿಲ್ಲ.

ಬೆಟ್ಟದ ಮೇಲೆ ಒಂದು, ಕಣಿವೆಯಲ್ಲಿ ಒಂದು

ಕೊಡೈಕಾನಲ್ ಸಮುದ್ರ ಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ತೇನಿ ಸುಮಾರು 300 ಮೀಟರ್. ಡಿಸೆಂಬರ್, ಜನವರಿಯ ಬೆಳಿಗ್ಗೆ ಬೆಟ್ಟದ ಮೇಲೆ ಶಾಖ 10 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಕೆಳಗೆ ಬೇಸಿಗೆಯ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಕಾರಿನ ತಗಡು 60 ಡಿಗ್ರಿಗೂ ಏರಬಹುದು.

ಅಂಟಿನ ಸ್ವಭಾವ ಬೆಲ್ಲದ ಪಾಕದಂತೆ. ಬಿಸಿಯಿದ್ದಾಗ ಮೆತ್ತಗೆ, ತಣ್ಣಗಾದರೆ ಕಲ್ಲು. ತಣ್ಣಗಿರುವಾಗ ಎಳೆದರೆ ಅಂಟು ಬಗ್ಗುವುದಿಲ್ಲ, ತನ್ನ ಜೊತೆ ಬಣ್ಣವನ್ನೂ ಎಳೆಯುತ್ತದೆ. ಪ್ಲಾಸ್ಟಿಕ್ ಅಕ್ಷರವೂ ಚಳಿಯಲ್ಲಿ ಪೆಡಸಾಗಿ ಚೂರಾಗುತ್ತದೆ. ಆ ಚೂರಿನ ಅಂಚು ಬಣ್ಣವನ್ನು ಗೀರುತ್ತದೆ. ಬೆಟ್ಟದ ಮೇಲಿನವರು ಬೆಳಿಗ್ಗೆಯೇ ಶುರು ಮಾಡಬಾರದು ಎನ್ನುವುದು ಇದಕ್ಕೇ. ಬಿಸಿಲು ಬಂದ ಮೇಲೆ ಗಾಡಿಯನ್ನು ಒಂದೆರಡು ಗಂಟೆ ನಿಲ್ಲಿಸಿ ಆಮೇಲೆ ಕೈ ಹಾಕಬೇಕು. ವತ್ತಲಗುಂಡಿಗೋ ಪೆರಿಯಕುಳಕ್ಕೋ ಇಳಿಯುವ ಕೆಲಸವಿದ್ದರೆ ಅಲ್ಲಿ ಮಾಡಿಕೊಳ್ಳುವುದು ಇನ್ನೂ ಸುಲಭ.

ಕೆಲಸ ಮಾಡುವ ಕ್ರಮ

ಮೊದಲು ತೊಳೆಯಿರಿ. ಘಾಟ್ ರಸ್ತೆಯ ಕೆಸರು, ಕಣಿವೆಯ ಕೆಮ್ಮಣ್ಣು ಅಕ್ಷರದ ಸಂದಿಯಲ್ಲಿ ಕೂತಿರುತ್ತದೆ. ಆ ಮರಳಿನ ಮೇಲೆ ದಾರ ಎಳೆದರೆ ಗರಗಸ ಎಳೆದಂತೆ. ಶಾಂಪೂ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ನಂತರ ಅಕ್ಷರದ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ಕೈ ಜಾರಿದರೆ ಗೀರು ಟೇಪಿಗೆ ಬೀಳಲಿ.

ಇನ್ನು ಬಿಸಿ ಮಾಡಬೇಕು. ಮನೆಯ ಹೇರ್ ಡ್ರೈಯರ್ ಇದಕ್ಕೆ ಒಳ್ಳೆಯದು. ಒಂದು ಗೇಣು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಎರಡು ಮೂರು ನಿಮಿಷ ಬಿಸಿ ಕೊಡಿ. ಡ್ರೈಯರ್ ಇಲ್ಲದವರು ದಪ್ಪ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ, ಹಿಂಡಿ, ಅಕ್ಷರದ ಮೇಲೆ ಒತ್ತಿ ಹಿಡಿಯಬಹುದು. ಆರಿದಂತೆ ಬದಲಿಸುತ್ತಾ ಮೂರು ನಾಲ್ಕು ಸಲ ಮಾಡಿದರೆ ಅದೇ ಫಲ. ಎಷ್ಟು ಬಿಸಿ ಸಾಕು? ತಗಡಿನ ಮೇಲೆ ಅಂಗೈ ಇಟ್ಟು ಮೂರು ಎಣಿಸುವಷ್ಟು ಹೊತ್ತು ತಡೆಯುವಂತಿರಬೇಕು. ಕೈ ತಟ್ಟನೆ ಹಿಂದಕ್ಕೆ ಬಂದರೆ ಬಿಸಿ ಹೆಚ್ಚಾಯಿತು ಎಂದರ್ಥ. ವರ್ಕ್‌ಶಾಪಿನ ಹೀಟ್ ಗನ್ 300 ಡಿಗ್ರಿಗೂ ಮೀರಿದ ಗಾಳಿ ಊದುತ್ತದೆ, ಕ್ಷಣದಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಅಭ್ಯಾಸವಿಲ್ಲದವರು ಅದನ್ನು ಮುಟ್ಟದಿರುವುದೇ ಕ್ಷೇಮ.

ಈಗ ದಾರ. ಗಾಳ ಹಾಕುವವರ ನೈಲಾನ್ ದಾರ, ತಂಗೂಸಿ ಎಂದು ಕರೆಯುವುದು, ಇದಕ್ಕೆ ಹೇಳಿ ಮಾಡಿಸಿದ್ದು. ಹೂ ಕಟ್ಟುವ ನೂಲು ತಡೆಯದೆ ಹರಿಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಂಗೂಸಿಯನ್ನು ಮೊಳದಷ್ಟು ಕತ್ತರಿಸಿ, ಎರಡೂ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿಕೊಂಡರೆ ಬೆರಳು ಕುಯ್ಯುವುದಿಲ್ಲ. ದಾರವನ್ನು ಅಕ್ಷರದ ಹಿಂದಕ್ಕೆ ತೂರಿಸಿ, ಮರ ಕೊಯ್ಯುವಂತೆ ಎಡಕ್ಕೂ ಬಲಕ್ಕೂ ಮೆಲ್ಲಗೆ ಆಡಿಸುತ್ತಾ ಬನ್ನಿ. ದಾರ ಬಣ್ಣಕ್ಕೆ ತಾಗಿ ಹೋಗಬಾರದು, ಅಕ್ಷರಕ್ಕೆ ತಾಗಿ ಹೋಗಬೇಕು. ಆಗ ಅದು ಸ್ಪಂಜಿನ ಟೇಪನ್ನು ನಡುವೆ ಸೀಳುತ್ತದೆ, ಅರ್ಧ ಟೇಪು ಬಣ್ಣದ ಮೇಲೆ ಉಳಿಯುತ್ತದೆ. ಹಾಗೆ ಉಳಿಯುವುದೇ ಒಳ್ಳೆಯದು, ಬಣ್ಣಕ್ಕೆ ಅದು ಕಾವಲು. ದಾರ ಬಿಗಿಯಾಯಿತೆಂದರೆ ಜೋರು ಮಾಡಬೇಡಿ, ಮತ್ತೆ ಬಿಸಿ ಕೊಡಿ.

ಉಳಿದ ಸ್ಪಂಜನ್ನು ಮತ್ತೆ ಬೆಚ್ಚಗೆ ಮಾಡಿ ಹೆಬ್ಬೆರಳಿನಿಂದ ಒತ್ತಿ ಉರುಳಿಸಿದರೆ ರೊಟ್ಟಿ ಹಿಟ್ಟಿನ ಎಳೆಯಂತೆ ಸುತ್ತಿಕೊಂಡು ಬರುತ್ತದೆ. ಬೆರಳಿಗೆ ಬಾರದಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿ. ಬ್ಲೇಡ್, ಪಾತ್ರೆ ಉಜ್ಜುವ ಸ್ಟೀಲ್ ನಾರು ಬೇಡವೇ ಬೇಡ.

ತೆಳ್ಳಗಿನ ಸ್ಟಿಕ್ಕರ್ ಆದರೆ ದಾರ ಬೇಕಿಲ್ಲ. ಬಿಸಿ ಮಾಡಿ, ಒಂದು ಮೂಲೆಯನ್ನು ಉಗುರಿನಿಂದ ಎತ್ತಿ, ಸ್ಟಿಕ್ಕರನ್ನು ಅದರ ಮೇಲೇ ಮಡಚಿದಂತೆ ಬಣ್ಣಕ್ಕೆ ಒರಗಿಸಿ ನಿಧಾನವಾಗಿ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಬಣ್ಣವನ್ನೂ ಮೇಲಕ್ಕೆ ಎಳೆದಂತೆಯೇ. ಹಲವು ವರ್ಷ ಬಿಸಿಲು ಕಂಡ ಸ್ಟಿಕ್ಕರ್ ಹಪ್ಪಳದಂತೆ ಚೂರಾಗುತ್ತದೆ. ಅಲ್ಲಿ ತಾಳ್ಮೆಯೇ ಮದ್ದು.

ಅಂಟಿನ ಕಲೆಗೆ ನೀಲಗಿರಿ ಎಣ್ಣೆ

ಅಕ್ಷರ ಹೋದರೂ ಜಿಗುಟು ಉಳಿಯುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ಪೇಂಟ್ ಥಿನ್ನರ್ ತಂದು ಸುರಿಯುತ್ತಾರೆ. ಬೇಯಿಸದ ಬಣ್ಣವಾದರೆ ಅಂಟಿನ ಜೊತೆ ಬಣ್ಣವೂ ಕರಗುತ್ತದೆ. ಕಂಪನಿ ಬಣ್ಣವೂ ಹೊಳಪು ಕಳೆದುಕೊಳ್ಳಬಹುದು. ಬ್ರೇಕ್ ಆಯಿಲ್ ಅಂತೂ ಬಣ್ಣ ಎಬ್ಬಿಸುವಂಥದ್ದೇ. ಪೆಟ್ರೋಲಿಗೆ ಬೆಂಕಿಯ ಭಯವಿದೆ.

ಕೊಡೈಕಾನಲ್ ಅಂಗಡಿಗಳಲ್ಲಿ ಪ್ರವಾಸಿಗರು ನೆಗಡಿಗೆಂದು ಕೊಂಡೊಯ್ಯುವ ನೀಲಗಿರಿ ಎಣ್ಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರಲ್ಲಿರುವ ಸಿನಿಯೋಲ್ ಎಂಬ ವಸ್ತು ಗಮ್ಮನ್ನು ಕರಗಿಸುತ್ತದೆ. ಹತ್ತಿ ಬಟ್ಟೆಗೆ ಕೆಲವು ಹನಿ ಹಾಕಿ ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ಒಂದೇ ದಿಕ್ಕಿಗೆ ಒರೆಸಬೇಕು. ಗಮ್ಮು ಬಟ್ಟೆಗೆ ಬರುತ್ತಿದ್ದಂತೆ ಬಟ್ಟೆಯ ಮಗ್ಗುಲು ಬದಲಿಸಿ. ಈ ಹಂತ ಮಾತ್ರ ನೆರಳಿನಲ್ಲಿ, ತಗಡು ಆರಿದ ಮೇಲೆ. ಬಿಸಿ ತಗಡಿನ ಮೇಲೆ ಎಣ್ಣೆ ಗಮ್ಮಿಗೆ ಇಳಿಯುವ ಮೊದಲೇ ಆವಿಯಾಗುತ್ತದೆ. ಬಿಡಿಸುವುದು ಬಿಸಿಲಲ್ಲಿ, ಒರೆಸುವುದು ನೆರಳಲ್ಲಿ ಎಂದು ನೆನಪಿಟ್ಟುಕೊಳ್ಳಿ.

ಎಣ್ಣೆ ಒಳ್ಳೆಯದೇ ಎಂದು ತಿಳಿಯಲು ಕಾಗದದ ಮೇಲೆ ಒಂದು ಹನಿ ಬಿಡಿ. ಶುದ್ಧವಾದದ್ದು ಆರಿ ಹೋಗುತ್ತದೆ. ಅಡುಗೆ ಎಣ್ಣೆ ಬೆರೆತಿದ್ದರೆ ಜಿಡ್ಡಿನ ಗುರುತು ನಿಲ್ಲುತ್ತದೆ. ಬಳಸುವ ಮುನ್ನ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ರೀಪೇಂಟ್ ಆದರೆ ಇದು ಕಡ್ಡಾಯ. ದೀಪಗಳ ಪ್ಲಾಸ್ಟಿಕ್ ಮುಚ್ಚಳ, ರಬ್ಬರ್ ಬೀಡಿಂಗಿಗೆ ತಾಗಿಸಬೇಡಿ. ಎಣ್ಣೆಗೆ ಬೆಂಕಿ ತಗಲುತ್ತದೆ, ಮಕ್ಕಳು ಕುಡಿದರೆ ಅಪಾಯ. ಸೀಸೆ ಎತ್ತರದಲ್ಲಿಡಿ.

ನೀಲಗಿರಿ ಎಣ್ಣೆ ಬೇಡವೆನ್ನುವವರಿಗೆ ಕೊಬ್ಬರಿ ಎಣ್ಣೆಯೂ ಆಗುತ್ತದೆ, ಹೊತ್ತು ಮಾತ್ರ ಹೆಚ್ಚು ಬೇಕು. ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಬೇಕು. ಯಾವ ಎಣ್ಣೆಯಾದರೂ ಕೊನೆಗೆ ಶಾಂಪೂ ನೀರಿನಲ್ಲಿ ತೊಳೆಯಲೇಬೇಕು. ಜಿಡ್ಡು ಉಳಿದರೆ ಧೂಳು ಹಿಡಿಯುತ್ತದೆ.

ಬಂಪರ್ ಮತ್ತು ಗಾಜು

ಬಂಪರ್ ತಗಡಲ್ಲ, ಪ್ಲಾಸ್ಟಿಕ್. ಹೆಚ್ಚು ಬಿಸಿ ಕೊಟ್ಟರೆ ಸೊಟ್ಟಗಾಗುತ್ತದೆ, ಅದರ ಬಣ್ಣವೂ ಬೇಗ ಏಳುತ್ತದೆ. ಬಿಸಿ ನೀರಿನ ಬಟ್ಟೆಯೇ ಸಾಕು. ಗಾಜಿನ ಮೇಲೆ ಬಣ್ಣದ ಭಯವಿಲ್ಲ. ಆದರೆ ಕೊಡೈಕಾನಲ್ ಚಳಿಯಲ್ಲಿ ತಣ್ಣಗಿರುವ ಗಾಜಿಗೆ ಕುದಿಯುವ ನೀರು ಸುರಿದರೆ ಬಿರುಕು ಬಿಡಬಹುದು. ಹಿಂದಿನ ಗಾಜಿನ ಒಳಗಡೆ ಸಣ್ಣ ಗೆರೆಗಳಿದ್ದರೆ ಅವು ಮಂಜು ಕರಗಿಸುವ ತಂತಿಗಳು. ಬೆಟ್ಟದ ಊರಿನಲ್ಲಿ ಬೇಕೇ ಬೇಕಾದವು. ಅಲ್ಲಿ ಬ್ಲೇಡ್ ಎಳೆದರೆ ತಂತಿ ತುಂಡಾಗುತ್ತದೆ.

ನೆರಳಿನಂತೆ ಉಳಿಯುವ ಹೆಸರು

ಎಲ್ಲ ಹೋದ ಮೇಲೂ ಅಕ್ಷರದ ಆಕಾರ ಮಸುಕಾಗಿ ಕಾಣಬಹುದು. ಅದು ಕಲೆಯಲ್ಲ. ಅಕ್ಷರದ ಕೆಳಗಿನ ಬಣ್ಣ ಬಿಸಿಲು ಕಾಣದೆ ಹೊಸದಾಗಿ ಉಳಿದಿರುತ್ತದೆ, ಸುತ್ತಲಿನದು ಮಾಸಿರುತ್ತದೆ. ಎತ್ತರ ಹೆಚ್ಚಿದಂತೆ ಬಿಸಿಲಿನ ನೇರಳಾತೀತ ಕಿರಣ ತೀಕ್ಷ್ಣವಾಗುವುದರಿಂದ ಬೆಟ್ಟದ ಗಾಡಿಗಳಿಗೆ ತಂಪಿದ್ದರೂ ಈ ಕಾಟ ತಪ್ಪಿದ್ದಲ್ಲ. ಸುತ್ತಲಿನ ಮಾಸಿದ ಮೇಲ್ಪದರವನ್ನು ಕಾರ್ ಪಾಲಿಶ್ ಹಾಕಿ ಕೈಯಿಂದ ಉಜ್ಜಿದರೆ ವ್ಯತ್ಯಾಸ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಬಿಳಿ ಗಾಡಿಯಲ್ಲಿ ಇದು ಬೇಗ ಮರೆಯಾಗುತ್ತದೆ, ಕೆಂಪು, ಕಪ್ಪಿನಲ್ಲಿ ಎದ್ದು ಕಾಣುತ್ತದೆ. ರಬ್ಬಿಂಗ್ ಕಾಂಪೌಂಡ್ ಮಾತ್ರ ಪದೇ ಪದೇ ಬೇಡ. ಪ್ರತಿ ಸಲವೂ ಆ ತೆಳುವಾದ ಕ್ಲಿಯರ್ ಕೋಟ್ ಸವೆಯುತ್ತದೆ. ಕೊನೆಗೆ ವ್ಯಾಕ್ಸ್ ಹಚ್ಚಿದರೆ ನೀರು ನಿಲ್ಲುವುದಿಲ್ಲ.

ಬಣ್ಣ ಹೋಗಿಯೇ ಬಿಟ್ಟರೆ?

ಎಳೆಯುವಾಗ ಬಣ್ಣದ ಅಂಚು ಏಳುವುದು ಕಂಡರೆ ತಕ್ಷಣ ನಿಲ್ಲಿಸಿ. ಮುಂದುವರಿಸಿದರೆ ಅದು ಎಲ್ಲಿಗೆ ನಿಲ್ಲುತ್ತದೋ ಹೇಳಲಾಗದು. ತಗಡು ಕಾಣುತ್ತಿದ್ದರೆ ಅಂದೇ ಒರೆಸಿ ಒಣಗಿಸಿ ಟಚ್ ಅಪ್ ಪೇಂಟ್ ಹಚ್ಚಿ. ಬಣ್ಣದ ಕೋಡ್ ಗಾಡಿಯ ಮೇಲಿನ ಪಟ್ಟಿಯಲ್ಲಿ ಇರುತ್ತದೆ, ಅದನ್ನು ಹೇಳಿದರೆ ಅಂಗಡಿಯಲ್ಲಿ ಅದೇ ಬಣ್ಣ ಸಿಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆಯಲ್ಲಿ ತೆರೆದ ತಗಡನ್ನು ಹಾಗೇ ಬಿಟ್ಟರೆ ತುಕ್ಕು ಬಣ್ಣದ ಅಡಿಯಲ್ಲೇ ಹರಡುತ್ತದೆ. ಮೇಲಿನಿಂದ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ರೀಪೇಂಟ್ ಎಂದು ಮೊದಲೇ ಗೊತ್ತಾದ ಗಾಡಿಯಲ್ಲಿ ಯೋಚನೆ ಬೇರೆ ಇರಬೇಕು. ಕಾನೂನಿನ ತೊಂದರೆ ಇಲ್ಲದ ಹಳೆಯ ಅಕ್ಷರವಾದರೆ ಬಿಟ್ಟುಬಿಡುವುದೇ ಲಾಭ. ತೆಗೆಯಲೇಬೇಕು ಎಂದಾದರೆ ಪೇಂಟ್ ಕೆಲಸದವರ ಬಳಿ ಕೊಟ್ಟು, ಬಣ್ಣ ಎದ್ದರೆ ಯಾರ ಖರ್ಚು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಕಂಪನಿ ಬಣ್ಣದ ಗಾಡಿಯಾದರೆ ಒಂದು ಬಿಸಿಲಿನ ಮಧ್ಯಾಹ್ನ, ಒಂದು ಮೊಳ ತಂಗೂಸಿ, ಒಂದು ಸಣ್ಣ ಸೀಸೆ ನೀಲಗಿರಿ ಎಣ್ಣೆ ಸಾಕು. ಸ್ಕ್ರೂ ಡ್ರೈವರ್ ಪೆಟ್ಟಿಗೆಯಲ್ಲೇ ಇರಲಿ.